ಕಸದ ರಾಶಿಯ ಮಣ್ಣಿನಲ್ಲಿ ಬ್ಯಾಕ್ಟೀರಿಯಾ ಗುರುತಿಸುವಾಗ ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಕಸ ಸುರಿದ ಜಾಗದ ಮಣ್ಣಿನಿಂದ ಡಿಎನ್‌ಎ ತೆಗೆದು, 16ಎಸ್ ಆರ್‌ಆರ್‌ಎನ್‌ಎ ಜೀನ್ (ರೈಬೋಸೋಮ್‌ನ ಒಂದು ಆರ್‌ಎನ್‌ಎಯ ಜೀನ್) ಮೂಲಕ ಬ್ಯಾಕ್ಟೀರಿಯಾಗಳ ಹೆಸರು ಪತ್ತೆ ಹಚ್ಚಲು ಹೊರಟು, ನಡುದಾರಿಯಲ್ಲಿ ಸಿಕ್ಕಿಹಾಕಿಕೊಂಡವರಿಗಾಗಿ ಈ ಬರಹ. ಜೆಲ್‌ನಲ್ಲಿ ಬ್ಯಾಂಡ್ (ನಕಲಾದ ಡಿಎನ್‌ಎ ಕಾಣುವ ಪಟ್ಟಿ) ಇಲ್ಲ, ಬರೀ ನೀರು ಹಾಕಿದ ಕೊಳವೆಯಲ್ಲಿ ಬ್ಯಾಂಡ್ ಇದೆ, ಸೀಕ್ವೆನ್ಸ್ (ಡಿಎನ್‌ಎಯ ಬೇಸ್‌ಗಳ ಸಾಲು) ಓದಲು ಬರುತ್ತಿಲ್ಲ, ದತ್ತಸಂಚಯ ಕೊಟ್ಟ ಹೆಸರು ನಂಬುವಂತಿಲ್ಲ ಎಂಬ ದೂರುಗಳು ಸೂಕ್ಷ್ಮಜೀವಿಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳಿಂದ ವರ್ಷವರ್ಷವೂ ಬರುತ್ತವೆ. ಬಹುಪಾಲು ಸಂದರ್ಭಗಳಲ್ಲಿ ದೋಷ ಕಾಣಿಸಿಕೊಂಡ ಹಂತ ಒಂದು, ಹುಟ್ಟಿದ ಹಂತ ಇನ್ನೊಂದು. ಹಾಗಾಗಿ ಕಂಡ ಲಕ್ಷಣದಿಂದ ಹಿಂದಕ್ಕೆ ನಡೆಯುತ್ತಾ ಹುಡುಕಬೇಕು.

ತೋಟದ ಮಣ್ಣಿಗೆಂದು ಬರೆದ ವಿಧಾನ ಇಲ್ಲಿ ಹಾಗೆಯೇ ನಡೆಯುವುದಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಬೆಂಗಳೂರಿನ ಮಾವಳ್ಳಿಪುರ, ಮಂಡೂರು, ಮಂಗಳೂರಿನ ಪಚ್ಚನಾಡಿಯಂಥ ಕಡೆ ಮಣ್ಣಿನ ಜೊತೆ ಕೊಳೆತ ತರಕಾರಿ, ಸುಟ್ಟ ಬೂದಿ, ಪ್ಲಾಸ್ಟಿಕ್ ಚೂರು, ಒಡೆದ ಬ್ಯಾಟರಿ, ಮಾಂಸದಂಗಡಿಯ ತ್ಯಾಜ್ಯ, ಕಟ್ಟಡ ಕೆಡವಿದ ಸುಣ್ಣ ಮತ್ತು ಸಿಮೆಂಟು ಎಲ್ಲವೂ ಕಲೆತಿರುತ್ತವೆ. ಕೊಳೆತ ಸಸ್ಯಭಾಗದಿಂದ ಹ್ಯೂಮಿಕ್ ಆಮ್ಲ ಬರುತ್ತದೆ, ಬ್ಯಾಟರಿಯಿಂದ ಸೀಸದಂಥ ಲೋಹಗಳು, ಸುಣ್ಣದಿಂದ ಕ್ಯಾಲ್ಸಿಯಂ. ಕೆಳಗಿನ ಮೂಲ ಮಣ್ಣಂತೂ ಬೆಂಗಳೂರಿನಲ್ಲಿ ಕೆಂಪು ಜೇಡಿ, ಕರಾವಳಿಯಲ್ಲಿ ಕಬ್ಬಿಣ ತುಂಬಿದ ಮುರಕಲ್ಲು. ಇವುಗಳಲ್ಲಿ ಪ್ರತಿಯೊಂದಕ್ಕೂ ಪಿಸಿಆರ್ (ಡಿಎನ್‌ಎಯನ್ನು ಕೋಟಿಗಟ್ಟಲೆ ನಕಲು ಮಾಡುವ ಕ್ರಿಯೆ) ಕೆಡಿಸುವ ತನ್ನದೇ ದಾರಿ ಇದೆ.

16ಎಸ್ ಜೀನ್‌ನ ಉದ್ದ ಸುಮಾರು 1,500 ಬೇಸ್. ಅದರ ಕೆಲವು ಭಾಗಗಳು ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಹೆಚ್ಚುಕಡಿಮೆ ಒಂದೇ ತೆರನಾಗಿವೆ. ನಡುನಡುವೆ ಇರುವ, ವಿ1ರಿಂದ ವಿ9ರವರೆಗೆ ಹೆಸರಿಟ್ಟ ಒಂಬತ್ತು ಭಾಗಗಳು ಜೀವಿಯಿಂದ ಜೀವಿಗೆ ಬದಲಾಗುತ್ತವೆ. ಬದಲಾಗದ ಭಾಗಕ್ಕೆ ಪ್ರೈಮರ್ (ನಕಲು ಶುರುವಾಗಲು ಬೇಕಾದ ಡಿಎನ್‌ಎ ತುಣುಕು) ಕೂರಿಸಿ, ಬದಲಾಗುವ ಭಾಗವನ್ನು ಓದಿ ಹೆಸರು ಹಿಡಿಯುವುದು ವಿಧಾನದ ತಿರುಳು. ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ 1977ರಲ್ಲಿ ಆರ್ಕಿಯಾಗಳು ಬ್ಯಾಕ್ಟೀರಿಯಾಗಳಿಂದ ಬೇರೆಯೇ ಗುಂಪು ಎಂದು ತೋರಿಸಿದ್ದು ಇದೇ ಆರ್‌ಎನ್‌ಎಯನ್ನು ಹೋಲಿಸಿ. ಹೆಚ್ಚುಕಡಿಮೆ ಇಡೀ ಜೀನನ್ನು ನಕಲಿಸಲು ಇಂದು ಹೆಚ್ಚು ಬಳಕೆಯಲ್ಲಿರುವ ಪ್ರೈಮರ್ ಜೋಡಿ 27ಎಫ್ ಮತ್ತು 1492ಆರ್. ಮುಂದಿನ ಮಾತೆಲ್ಲ ಮುಖ್ಯವಾಗಿ ಈ ಜೋಡಿಯನ್ನು ಕುರಿತದ್ದು.

ಏನನ್ನೂ ಬದಲಿಸುವ ಮುನ್ನ ನಾಲ್ಕು ಕೊಳವೆ

ಬ್ಯಾಂಡ್ ಬರಲಿಲ್ಲವೆಂದರೆ ಸಾಮಾನ್ಯವಾಗಿ ಆಗುವುದೇನು? ಒಬ್ಬರು ಮೆಗ್ನೀಸಿಯಂ ಹೆಚ್ಚಿಸುತ್ತಾರೆ, ಇನ್ನೊಬ್ಬರು ಪ್ರೈಮರ್ ಅಂಟುವ ತಾಪಮಾನ ಇಳಿಸುತ್ತಾರೆ, ಮತ್ತೊಬ್ಬರು ಆವರ್ತನವನ್ನು (ನಕಲು ಮಾಡುವ ಸುತ್ತುಗಳನ್ನು) ನಲವತ್ತಕ್ಕೆ ಏರಿಸುತ್ತಾರೆ. ಕೊನೆಗೆ ಬ್ಯಾಂಡ್ ಬಂದರೂ ಏಕೆ ಬಂತು ಎಂದು ತಿಳಿಯುವುದಿಲ್ಲ, ಮುಂದಿನ ಮಾದರಿಗೆ ಮತ್ತೆ ಅದೇ ತಡಕಾಟ. ಇದರ ಬದಲು ನಾಲ್ಕು ಕೊಳವೆಗಳನ್ನು ಒಟ್ಟಿಗೆ ಇಡಿ. ಒಂದರಲ್ಲಿ ಡಿಎನ್‌ಎ ಬದಲು ಬರೀ ನೀರು. ಎರಡನೆಯದರಲ್ಲಿ ಮಣ್ಣು ಹಾಕದೆಯೇ ಡಿಎನ್‌ಎ ತೆಗೆಯುವ ಎಲ್ಲ ಹಂತಗಳನ್ನೂ ದಾಟಿಸಿ ತಂದ ಖಾಲಿ ದ್ರವ. ಮೂರನೆಯದರಲ್ಲಿ ಖಚಿತವಾಗಿ ಗೊತ್ತಿರುವ, ಶುದ್ಧ ಈ. ಕೋಲಿ ಡಿಎನ್‌ಎ. ನಾಲ್ಕನೆಯದರಲ್ಲಿ ಅದೇ ಈ. ಕೋಲಿ ಡಿಎನ್‌ಎ ಜೊತೆಗೆ ನಿಮ್ಮ ಮಣ್ಣಿನ ಡಿಎನ್‌ಎ ಒಂದು ಮೈಕ್ರೋಲೀಟರ್. ಪಕ್ಕದಲ್ಲಿ ಎಂದಿನಂತೆ ನಿಮ್ಮ ಮಾದರಿ ಇರಲಿ.

ಈಗ ಜೆಲ್ ಓದುವುದು ಸುಲಭ. ಮೂರನೆಯ ಕೊಳವೆಯಲ್ಲೇ 1,500ರ ಬಳಿ ಬ್ಯಾಂಡ್ ಇಲ್ಲದಿದ್ದರೆ ಮಣ್ಣನ್ನು ದೂರಬೇಡಿ. ಕಿಣ್ವ, ಪ್ರೈಮರ್, ಬಫರ್ ಅಥವಾ ಯಂತ್ರದಲ್ಲಿ ತೊಂದರೆ ಇದೆ. ಮೂರನೆಯದು ಚೆನ್ನಾಗಿ ಬಂದು, ನಾಲ್ಕನೆಯದೂ ನಿಮ್ಮ ಮಾದರಿಯೂ ಖಾಲಿ ಉಳಿದರೆ ನಿಮ್ಮ ಡಿಎನ್‌ಎ ದ್ರವದಲ್ಲಿ ಕಿಣ್ವವನ್ನು ತಡೆಯುವ ವಸ್ತು ಇದೆ ಎಂದರ್ಥ. ನಾಲ್ಕನೆಯದು ಬಂದು ನಿಮ್ಮ ಮಾದರಿ ಮಾತ್ರ ಖಾಲಿಯಾದರೆ ತಡೆ ಇಲ್ಲ, ಡಿಎನ್‌ಎ ಸಾಲದು ಅಥವಾ ಚೂರುಚೂರಾಗಿದೆ. ಮೊದಲ ಎರಡರಲ್ಲಿ ಬ್ಯಾಂಡ್ ಕಂಡರೆ ಹೊರಗಿನ ಡಿಎನ್‌ಎ ನುಸುಳಿದೆ. ಎರಡನೆಯದರಲ್ಲಿ ಮಾತ್ರ ಕಂಡರೆ ನುಸುಳಿದ್ದು ಡಿಎನ್‌ಎ ತೆಗೆಯುವ ಹಂತದಲ್ಲಿ, ಎರಡರಲ್ಲೂ ಕಂಡರೆ ಪಿಸಿಆರ್ ಸಾಮಗ್ರಿಯಲ್ಲಿ.

ನಾಲ್ಕನೆಯ ಕೊಳವೆಯನ್ನು ಇಡದೆ ಕಸದ ಮಣ್ಣಿನ ಕೆಲಸ ಮಾಡುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ‘ಈ ಮಣ್ಣಿನಲ್ಲಿ ಬ್ಯಾಕ್ಟೀರಿಯಾ ಪತ್ತೆಯಾಗಲಿಲ್ಲ’ ಎಂದು ಬರೆಯುವ ಅಧಿಕಾರ ಆ ಕೊಳವೆಯಿಂದಲೇ ಬರಬೇಕು. ಕಸದ ರಾಶಿಯ ಪಕ್ಕದ ಊರಿನವರು ತಮ್ಮ ಕೊಳವೆಬಾವಿಯ ನೀರಿನ ಬಗ್ಗೆ ವರ್ಷಗಟ್ಟಲೆ ಕೇಳುತ್ತಿರುವ ಪ್ರಶ್ನೆಗೆ, ತಡೆಹಿಡಿದ ಪಿಸಿಆರ್‌ನ ಖಾಲಿ ಜೆಲ್ ತೋರಿಸಿ ಉತ್ತರ ಕೊಡುವುದು ಅನ್ಯಾಯ.

ತಡೆ ಇದೆ ಎಂದು ಗೊತ್ತಾದಾಗ

ಮೊದಲು ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ. ಡಿಎನ್‌ಎ ದ್ರವ ನೀರಿನಂತೆ ತಿಳಿಯಾಗಿರಬೇಕು. ತೆಳು ಕಾಫಿ ಡಿಕಾಕ್ಷನ್ನಿನ ಬಣ್ಣವಿದ್ದರೆ ಹ್ಯೂಮಿಕ್ ಆಮ್ಲ ಜೊತೆಗೆ ಬಂದಿದೆ. ಸಸ್ಯ ಕೊಳೆತಾಗ ಹುಟ್ಟುವ ಈ ಕಂದು ವಸ್ತು ಹಲವು ಗುಣಗಳಲ್ಲಿ ಡಿಎನ್‌ಎಯನ್ನೇ ಹೋಲುವುದರಿಂದ ಶುದ್ಧೀಕರಣದಲ್ಲಿ ಅದರ ಬೆನ್ನು ಬಿಡುವುದಿಲ್ಲ. ಪಿಸಿಆರ್ ಕೊಳವೆಗೆ ಹೋದ ಮೇಲೆ ಟ್ಯಾಕ್ ಕಿಣ್ವಕ್ಕೂ ಡಿಎನ್‌ಎಗೂ ಅಂಟಿಕೊಂಡು ನಕಲು ಮಾಡುವ ಕೆಲಸವನ್ನೇ ನಿಲ್ಲಿಸುತ್ತದೆ.

ಬಣ್ಣ ಕಣ್ಣಿಗೆ ಕಾಣದಷ್ಟು ತೆಳುವಾಗಿದ್ದಾಗ ಸ್ಪೆಕ್ಟ್ರೋಫೋಟೋಮೀಟರ್ ನೆರವಿಗೆ ಬರುತ್ತದೆ. 260 ಮತ್ತು 280 ನ್ಯಾನೋಮೀಟರ್‌ಗಳ ಅನುಪಾತ 1.8ರ ಆಸುಪಾಸಿನಲ್ಲಿದ್ದರೆ ಪ್ರೋಟೀನ್ ಹೆಚ್ಚಿಲ್ಲ. ಮಣ್ಣಿನ ಕೆಲಸದಲ್ಲಿ ಅದಕ್ಕಿಂತ ಮುಖ್ಯವಾದದ್ದು 260 ಮತ್ತು 230ರ ಅನುಪಾತ. ಶುದ್ಧ ಡಿಎನ್‌ಎಯಲ್ಲಿ ಇದು 2ರಿಂದ 2.2ರ ನಡುವೆ ಇರುತ್ತದೆ, ಕಸದ ಮಣ್ಣಿನಲ್ಲಿ 1ಕ್ಕಿಂತ ಕೆಳಗಿಳಿಯುವುದು ಸಾಮಾನ್ಯ. ಇಲ್ಲಿ ಒಂದು ಎಚ್ಚರಿಕೆ ಬೇಕು. ಕಿಟ್‌ಗಳಲ್ಲಿ ಬಳಸುವ ಗ್ವಾನಿಡೀನ್ ಲವಣವೂ 230ರಲ್ಲಿ ಬೆಳಕು ಹೀರುತ್ತದೆ. ಆದ್ದರಿಂದ ಅನುಪಾತ ಇಳಿದ ಮಾತ್ರಕ್ಕೆ ಹ್ಯೂಮಿಕ್ ಆಮ್ಲವೇ ಎಂದು ತೀರ್ಮಾನಿಸಬಾರದು. ಗ್ವಾನಿಡೀನ್‌ಗೆ ಬಣ್ಣವಿಲ್ಲ, 320 ನ್ಯಾನೋಮೀಟರ್‌ನ ಮೇಲೆ ಅದು ಏನನ್ನೂ ಹೀರುವುದಿಲ್ಲ. ಹ್ಯೂಮಿಕ್ ಆಮ್ಲ ಅಲ್ಲಿಯೂ ಹೀರುತ್ತಲೇ ಇರುತ್ತದೆ. ಪೂರ್ತಿ ರೇಖೆಯನ್ನು ನೋಡಿ, ಎರಡು ಸಂಖ್ಯೆಗಳನ್ನು ಮಾತ್ರ ಬರೆದುಕೊಂಡು ಬರಬೇಡಿ.

ಅದೇ ಯಂತ್ರ ಕೊಡುವ ಡಿಎನ್‌ಎ ಪ್ರಮಾಣವನ್ನೂ ಪೂರ್ತಿ ನಂಬುವಂತಿಲ್ಲ. ಹ್ಯೂಮಿಕ್ ಆಮ್ಲ 260ರಲ್ಲೂ ಬೆಳಕು ಹೀರುವುದರಿಂದ ಇಲ್ಲದ ಡಿಎನ್‌ಎ ಇದ್ದಂತೆ ತೋರುತ್ತದೆ. ಡಿಎನ್‌ಎಗೆ ಮಾತ್ರ ಅಂಟಿ ಹೊಳೆಯುವ ಬಣ್ಣ ಬಳಸುವ ಫ್ಲೋರೋಮೀಟರ್‌ನ ಲೆಕ್ಕ ಹೆಚ್ಚು ಪ್ರಾಮಾಣಿಕ. ಅದು ಕೈಗೆಟುಕದಿದ್ದರೆ ಶೇ 1ರ ಅಗರೋಸ್ ಜೆಲ್‌ನಲ್ಲಿ ಪ್ರಮಾಣ ಗೊತ್ತಿರುವ ಡಿಎನ್‌ಎ ಜೊತೆ ಓಡಿಸಿ ಹೋಲಿಸಿ ನೋಡಿ.

ಪರಿಹಾರಗಳಲ್ಲಿ ಅಗ್ಗದ್ದನ್ನು ಮೊದಲು ಮಾಡಬೇಕು, ಎಲ್ಲಕ್ಕಿಂತ ಅಗ್ಗವಾದದ್ದು ನೀರು. ಡಿಎನ್‌ಎಯನ್ನು ಹತ್ತು ಪಟ್ಟು, ಐವತ್ತು ಪಟ್ಟು, ನೂರು ಪಟ್ಟು ತೆಳುಗೊಳಿಸಿ ಮೂರನ್ನೂ ಒಟ್ಟಿಗೆ ಪಿಸಿಆರ್‌ಗೆ ಇಡಿ. ತಡೆಯುವ ವಸ್ತು ಒಂದು ಮಟ್ಟಕ್ಕಿಂತ ಇಳಿದರೆ ಅದರ ಪ್ರಭಾವ ಮಾಯವಾಗುತ್ತದೆ. ಪಿಸಿಆರ್‌ಗಾದರೋ ಕೆಲವೇ ಡಿಎನ್‌ಎ ಅಣುಗಳು ಸಾಕು. ‘ಬ್ಯಾಂಡ್ ಬರಲಿಲ್ಲ, ಇನ್ನೂ ಹೆಚ್ಚು ಡಿಎನ್‌ಎ ಹಾಕೋಣ’ ಎಂಬ ಸಹಜ ಯೋಚನೆ ಇಲ್ಲಿ ಉಲ್ಟಾ ಹೊಡೆಯುತ್ತದೆ. ಹೆಚ್ಚು ಹಾಕಿದಷ್ಟೂ ತಡೆಯೂ ಹೆಚ್ಚುತ್ತದೆ. ನೂರು ಪಟ್ಟು ತೆಳುವಾದ ಕೊಳವೆಯಲ್ಲಿ ಬ್ಯಾಂಡ್ ಬಂದು ತೆಳುಗೊಳಿಸದ ಕೊಳವೆ ಖಾಲಿ ಉಳಿದರೆ ರೋಗ ಪತ್ತೆಯಾದಂತೆಯೇ.

ತೆಳುಗೊಳಿಸುವುದರಿಂದ ಆಗದಿದ್ದರೆ ಪಿಸಿಆರ್ ಮಿಶ್ರಣಕ್ಕೆ ಬಿಎಸ್‌ಎ ಎಂಬ ಪ್ರೋಟೀನನ್ನು, ಕೊನೆಯ ಪ್ರಮಾಣ ಮಿಲಿಲೀಟರ್‌ಗೆ 0.1ರಿಂದ 0.4 ಮಿಲಿಗ್ರಾಂ ಆಗುವಂತೆ, ಸೇರಿಸಿ. ಹ್ಯೂಮಿಕ್ ಆಮ್ಲ ಕಿಣ್ವವನ್ನು ಬಿಟ್ಟು ಈ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಅದೂ ಸಾಲದಿದ್ದರೆ ಡಿಎನ್‌ಎಯನ್ನು ಮತ್ತೊಮ್ಮೆ ಸಿಲಿಕಾ ಕಾಲಮ್ ಮೂಲಕ ದಾಟಿಸಿ, ಇಲ್ಲವೇ ಮೊದಲಿನಿಂದ ತೆಗೆಯುವಾಗ ಹ್ಯೂಮಿಕ್ ಆಮ್ಲವನ್ನು ಬೇರ್ಪಡಿಸುವ ಪಿವಿಪಿಪಿ ಪುಡಿ ಅಥವಾ ಸಿಟಿಎಬಿ ಮಾರ್ಜಕ ಬಳಸಿ. ಮಣ್ಣಿಗೆಂದೇ ಬರುವ ಕಿಟ್‌ಗಳಲ್ಲಿ ಹ್ಯೂಮಿಕ್ ಆಮ್ಲವನ್ನು ಗಟ್ಟಿಕಟ್ಟಿಸಿ ಕೆಳಗೆ ಕೂರಿಸುವ ದ್ರಾವಣ ಇರುತ್ತದೆ. ಕಸದ ಮಣ್ಣಿನಲ್ಲಿ ಆ ಹಂತವನ್ನು ಎರಡು ಬಾರಿ ಮಾಡುವುದು ಒಳ್ಳೆಯದು, ಡಿಎನ್‌ಎ ಒಂದಿಷ್ಟು ಕಡಿಮೆಯಾದರೂ ಚಿಂತೆಯಿಲ್ಲ.

ಹ್ಯೂಮಿಕ್ ಆಮ್ಲವೊಂದೇ ಕಾರಣವಲ್ಲ. ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಕಿಣ್ವಕ್ಕೆ ಬೇಕಾದ ಮೆಗ್ನೀಸಿಯಂ ಜೊತೆ ಪೈಪೋಟಿಗೆ ಇಳಿಯುತ್ತದೆ. ಮುರಕಲ್ಲು ಮಣ್ಣಿನ ಕಬ್ಬಿಣವೂ ತಡೆಯೊಡ್ಡುತ್ತದೆ. ಡಿಎನ್‌ಎಯನ್ನು ಕೊನೆಯಲ್ಲಿ ಇಡಿಟಿಎ ಇರುವ ಬಫರ್‌ನಲ್ಲಿ ಕರಗಿಸಿದ್ದರೆ ಇಡಿಟಿಎ ಮೆಗ್ನೀಸಿಯಂ ಅನ್ನು ಹಿಡಿದುಕೊಳ್ಳುತ್ತದೆ. 10 ಮಿಲಿಮೋಲಾರ್ ಟ್ರಿಸ್ ಅಥವಾ ಶುದ್ಧ ನೀರಿನಲ್ಲಿ ಕರಗಿಸಿದರೆ ಈ ಒಂದು ಅನುಮಾನ ಪಟ್ಟಿಯಿಂದ ಹೋಗುತ್ತದೆ. ಜೆಲ್‌ನ ಬಾವಿಗೆ ಹಾಕುವಾಗ ಡಿಎನ್‌ಎ ತಳಕ್ಕಿಳಿಯದೆ ಮೇಲೆ ತೇಲಿಹೋದರೆ ಎಥನಾಲ್ ಉಳಿದಿದೆ. ಕಾಲಮ್ ಅನ್ನು ಖಾಲಿಯಾಗಿ ಇನ್ನೆರಡು ನಿಮಿಷ ತಿರುಗಿಸಿ, ಮುಚ್ಚಳ ತೆರೆದಿಟ್ಟು ಆರಲು ಬಿಡಿ.

ತಡೆ ಇಲ್ಲ, ಡಿಎನ್‌ಎಯೇ ಇಲ್ಲ

ಕಸದ ರಾಶಿಯಲ್ಲಿ ಬ್ಯಾಸಿಲಸ್, ಕ್ಲಾಸ್ಟ್ರಿಡಿಯಂ ಬಳಗದವು ಧಾರಾಳವಾಗಿರುತ್ತವೆ. ಅವುಗಳ ಕೋಶಭಿತ್ತಿ ದಪ್ಪ, ಬೀಜಕಗಳಂತೂ ಇನ್ನೂ ಗಟ್ಟಿ. ಎಸ್‌ಡಿಎಸ್ ಮಾರ್ಜಕ ಮತ್ತು ಪ್ರೋಟಿನೇಸ್ ಕೆ ಇಷ್ಟನ್ನೇ ನೆಚ್ಚಿಕೊಂಡರೆ ಮೃದುಭಿತ್ತಿಯ ಜೀವಿಗಳು ಮಾತ್ರ ಒಡೆಯುತ್ತವೆ. ಫಲಿತಾಂಶ ಖಾಲಿ ಬರದೆ ಓರೆಯಾಗಿ ಬರುವುದರಿಂದ ಈ ದೋಷ ಕಣ್ಣಿಗೇ ಬೀಳುವುದಿಲ್ಲ. 0.1 ಮಿಲಿಮೀಟರ್‌ನ ಜಿರ್ಕೋನಿಯಾ ಮಣಿಗಳ ಜೊತೆ ಜೋರಾಗಿ ಕುಲುಕಿಸುವ ಹಂತ ಬೇಕೇ ಬೇಕು. ಅದಕ್ಕೆ ಮೊದಲು 37 ಡಿಗ್ರಿಯಲ್ಲಿ ಲೈಸೋಜೈಮ್ ಕೊಟ್ಟರೆ ಇನ್ನೂ ಉತ್ತಮ. ಹಾಗೆಂದು ಕುಲುಕಿಸುತ್ತಲೇ ಹೋದರೆ ಡಿಎನ್‌ಎ ಚೂರಾಗುತ್ತದೆ. ಚೂರಾದ ಡಿಎನ್‌ಎ ಪಿಸಿಆರ್‌ನಲ್ಲಿ ಒಂದು ಜೀವಿಯ ತುದಿಗೆ ಇನ್ನೊಂದರ ತುದಿ ಸೇರಿ ಕೈಮೆರಾ ಹುಟ್ಟಲು ದಾರಿಯಾಗುತ್ತದೆ. ನಡುನಡುವೆ ಮಂಜುಗಡ್ಡೆಯ ಮೇಲಿಟ್ಟು, ಬಿಟ್ಟು ಬಿಟ್ಟು ಕುಲುಕಿಸಿ.

ಕೆಂಪು ಜೇಡಿಯಲ್ಲಿ ಮತ್ತೊಂದು ಸಂಗತಿ ಇದೆ. ಒಡೆದ ಕೋಶದಿಂದ ಹೊರಬಂದ ಡಿಎನ್‌ಎ ಜೇಡಿಯ ಕಣಗಳಿಗೆ ಅಂಟಿಕೊಂಡು ಮಣ್ಣಿನ ಜೊತೆಯೇ ತಳದಲ್ಲಿ ಕೂರುತ್ತದೆ. ಫಾಸ್ಫೇಟ್ ಇರುವ ಬಫರ್ ಬಳಸಿದರೆ ಫಾಸ್ಫೇಟ್ ಆ ಜಾಗ ಹಿಡಿದು ಡಿಎನ್‌ಎಯನ್ನು ಬಿಡಿಸಿಕೊಡುತ್ತದೆ. ಡಿಎನ್‌ಎ ಕಡಿಮೆ ಬಂತೆಂದು ಕಾಲು ಗ್ರಾಂ ಇದ್ದ ಮಣ್ಣನ್ನು ಒಂದು ಗ್ರಾಂಗೆ ಏರಿಸಬೇಡಿ. ಜೇಡಿ, ಹ್ಯೂಮಿಕ್ ಆಮ್ಲ ಎರಡೂ ನಾಲ್ಕು ಪಟ್ಟಾಗುತ್ತವೆ, ಕಿಟ್‌ನ ದ್ರಾವಣ ಮಾತ್ರ ಅಷ್ಟೇ ಇರುತ್ತದೆ. ಕಾಲು ಗ್ರಾಂನಂತೆ ನಾಲ್ಕು ಕೊಳವೆಗಳಲ್ಲಿ ಬೇರೆಬೇರೆ ತೆಗೆದು ಕೊನೆಗೆ ಒಟ್ಟುಗೂಡಿಸಿ.

ಮಾದರಿ ತಂದ ರೀತಿಯನ್ನೂ ಇಲ್ಲೇ ಪರಿಶೀಲಿಸಬೇಕು. ಬಿಸಿಲಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಗಂಟೆಗಟ್ಟಲೆ ಬೆಂದ ಮಣ್ಣಿನಲ್ಲಿ ನೀವು ಅಗೆದಾಗ ಇದ್ದ ಸಮುದಾಯ ಉಳಿದಿರುವುದಿಲ್ಲ, ಶಾಖಕ್ಕೆ ಒಗ್ಗಿದವು ಹೆಚ್ಚಿರುತ್ತವೆ. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತಂದು, ಡಿಎನ್‌ಎಗೆ ಬೇಕಾದ ಭಾಗವನ್ನು ಮೈನಸ್ 20 ಅಥವಾ ಮೈನಸ್ 80 ಡಿಗ್ರಿಯಲ್ಲಿ ಇಡಿ, ಬೆಳೆಸಬೇಕಾದ ಭಾಗವನ್ನು 4 ಡಿಗ್ರಿಯಲ್ಲಿಟ್ಟು ಬೇಗ ಬಳಸಿ. ಒಂದೇ ಗುಂಡಿಯ ಮಣ್ಣು ಇಡೀ ರಾಶಿಯನ್ನು ಹೇಳಲಾರದು. ಐದಾರು ಕಡೆ, ಒಂದೇ ಆಳದಲ್ಲಿ ತೆಗೆದು ಬೆರೆಸಿ, ಆಳವನ್ನೂ ಕಸದ ವಯಸ್ಸನ್ನೂ ಬರೆದಿಡಿ. 2012ರಲ್ಲಿ ಗ್ರಾಮಸ್ಥರ ಹೋರಾಟದ ನಂತರ ಕಸ ಸುರಿಯುವುದು ನಿಂತ ಮಾವಳ್ಳಿಪುರದ ಹಳೆಯ ಪದರವನ್ನು, ನಿನ್ನೆ ಲಾರಿ ಸುರಿದ ಹಸಿ ಕಸದ ಅಡಿಯ ಮಣ್ಣಿನೊಂದಿಗೆ ಹೋಲಿಸಲು ಹೊರಟರೆ ಕಾಣುವ ವ್ಯತ್ಯಾಸ ವಯಸ್ಸಿನದೇ ಇರಬಹುದು. ಬರಿಗೈಯಲ್ಲಿ ಅಗೆಯಲೇಬಾರದು. ಆಸ್ಪತ್ರೆಯ ಸೂಜಿಗಳು ಅಲ್ಲಿ ಇರುತ್ತವೆ. ದಪ್ಪ ಕೈಗವಸು, ಗಟ್ಟಿ ಬೂಟು, ಮುಖಗವಸು ಬೇಕು, ಜೊತೆಗೆ ಒಬ್ಬರು ಇರಬೇಕು. ಮೀಥೇನ್ ಮತ್ತು ಹೈಡ್ರೋಜನ್ ಸಲ್ಫೈಡ್ ನಿಲ್ಲುವ ತಗ್ಗುಗಳಿಗೆ ಇಳಿಯಬೇಡಿ.

ನೀರಿನ ಕೊಳವೆಯಲ್ಲಿ ಬ್ಯಾಂಡ್

ಇದು ಎಲ್ಲರನ್ನೂ ಕಂಗೆಡಿಸುವ ಲಕ್ಷಣ. 27ಎಫ್ ಪ್ರೈಮರ್ ಯಾವ ಬ್ಯಾಕ್ಟೀರಿಯಾ ಸಿಕ್ಕಿದರೂ ಹಿಡಿಯುತ್ತದೆ, ನಿಮ್ಮ ಬೆರಳ ತುದಿಯದ್ದನ್ನೂ, ಪೈಪೆಟ್‌ನೊಳಗಿನದ್ದನ್ನೂ. ಅದಕ್ಕಿಂತ ಮುಖ್ಯವಾದ ಮೂಲ ಕಿಣ್ವದ ಕೊಳವೆಯೇ ಇರಬಹುದು. ಟ್ಯಾಕ್ ಕಿಣ್ವ ಮೂಲತಃ ಅಮೆರಿಕದ ಯೆಲ್ಲೋಸ್ಟೋನ್ ಬಿಸಿನೀರ ಬುಗ್ಗೆಗಳ ಥರ್ಮಸ್ ಅಕ್ವಾಟಿಕಸ್‌ನದು. ಇಂದು ಮಾರುಕಟ್ಟೆಗೆ ಬರುವ ಟ್ಯಾಕ್ ಹೆಚ್ಚಾಗಿ ಈ. ಕೋಲಿಯೊಳಗೆ ತಯಾರಾಗುತ್ತದೆ. ಶುದ್ಧೀಕರಣದಲ್ಲಿ ಉಳಿದ ಈ. ಕೋಲಿ ಡಿಎನ್‌ಎಯ ಕೆಲವು ಅಣುಗಳು ನಲವತ್ತು ಆವರ್ತನದಲ್ಲಿ ಬ್ಯಾಂಡ್ ಆಗಿ ಮೇಲೇಳುತ್ತವೆ. ಡಿಎನ್‌ಎ ತೆಗೆಯುವ ಕಿಟ್‌ಗಳಲ್ಲೂ ರಾಲ್ಸ್ಟೋನಿಯಾ, ಬ್ರಾಡಿರೈಜೋಬಿಯಂ, ಸ್ಯೂಡೋಮೊನಾಸ್‌ಗಳ ಡಿಎನ್‌ಎ ಇರುತ್ತದೆ ಎಂಬುದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಿಂದ ಜಗತ್ತಿನಾದ್ಯಂತ ಗಮನಕ್ಕೆ ಬಂತು. ಇವೆಲ್ಲ ಮಣ್ಣಿನಲ್ಲಿ ಸಹಜವಾಗಿ ಇರುವ ಹೆಸರುಗಳೇ ಆದ್ದರಿಂದ ಫಲಿತಾಂಶದಲ್ಲಿ ಕಂಡಾಗ ಯಾರಿಗೂ ಸಂಶಯ ಬರುವುದಿಲ್ಲ.

ಆವರ್ತನವನ್ನು 30ಕ್ಕೆ ಇಳಿಸಿ ನೋಡಿ. ನೀರಿನ ಬ್ಯಾಂಡ್ ಮಾಯವಾಗಿ ಮಾದರಿಯ ಬ್ಯಾಂಡ್ ಉಳಿದರೆ ಕೆಲಸ ಮುಂದುವರಿಸಬಹುದು. ಹೋಗದಿದ್ದರೆ ನೀರು, ಬಫರ್, ಪ್ರೈಮರ್, ಕಿಣ್ವಗಳನ್ನು ಒಂದೊಂದಾಗಿ, ಒಮ್ಮೆಗೆ ಒಂದನ್ನೇ, ಹೊಸದಕ್ಕೆ ಬದಲಿಸಿ. ಪ್ರೈಮರ್ ಮತ್ತು ನೀರನ್ನು ಸಣ್ಣ ಸಣ್ಣ ಕೊಳವೆಗಳಿಗೆ ಹಂಚಿಟ್ಟಿದ್ದರೆ ಈ ಕೆಲಸ ಹಗುರ. ಮಿಶ್ರಣ ಮಾಡುವ ಮೇಜು, ಜೆಲ್ ಓಡಿಸುವ ಮೇಜು ಬೇರೆ ಬೇರೆಯಾಗಿರಲಿ. ಹಿಂದಿನ ಪಿಸಿಆರ್‌ನ ಕೋಟ್ಯಂತರ ನಕಲುಗಳು ಜೆಲ್ ಕೋಣೆಯ ಪೈಪೆಟ್‌ನಲ್ಲಿ ಕೂತಿರುತ್ತವೆ. ಬ್ಯಾಂಡ್ 100 ಬೇಸ್‌ಗಿಂತ ಕೆಳಗಿದ್ದರೆ ಮಾತ್ರ ಹೆದರಬೇಕಿಲ್ಲ, ಅದು ಪ್ರೈಮರ್‌ಗಳು ಒಂದಕ್ಕೊಂದು ಅಂಟಿಕೊಂಡದ್ದು.

ಬ್ಯಾಂಡ್ ಚೆನ್ನಾಗಿದೆ, ಸೀಕ್ವೆನ್ಸ್ ಓದಲಾಗುತ್ತಿಲ್ಲ

ಒಂದು ಸಲಕ್ಕೆ ಒಂದೇ ಸೀಕ್ವೆನ್ಸ್ ಓದುವ ಸ್ಯಾಂಗರ್ ವಿಧಾನದ ಫಲಿತಾಂಶ ಬಂದಾಗ ಅಕ್ಷರಗಳ ಕಡತವನ್ನು ಮಾತ್ರ ತೆರೆಯುವ ಅಭ್ಯಾಸವನ್ನು ಬಿಡಬೇಕು. ಬಣ್ಣದ ಶಿಖರಗಳ ಕ್ರೊಮ್ಯಾಟೊಗ್ರಾಮ್ ತೆರೆದು ನೋಡಿ, ದೋಷದ ಬಗೆ ಅಲ್ಲಿ ಬರೆದಿರುತ್ತದೆ. ಮೊದಲ 20ರಿಂದ 50 ಬೇಸ್ ಕಲಸಿಕೊಂಡಿರುವುದು ಎಲ್ಲರಿಗೂ ಸಹಜ, ಕತ್ತರಿಸಿ ಬಿಡಿ. ಮೊದಲಿನಿಂದ ಕೊನೆಯವರೆಗೂ ಎರಡೆರಡು ಶಿಖರಗಳು ಒಂದರ ಮೇಲೊಂದು ಬಂದರೆ ಎರಡು ಜೀವಿಗಳ ಡಿಎನ್‌ಎ ಬೆರೆತಿದೆ. ಮಣ್ಣಿನಿಂದ ನೇರ ತೆಗೆದ ಡಿಎನ್‌ಎಯ ಪಿಸಿಆರ್ ಬ್ಯಾಂಡನ್ನು ಹಾಗೆಯೇ ಸ್ಯಾಂಗರ್‌ಗೆ ಕಳುಹಿಸಿದರೆ ಆಗುವುದೂ ಇದೇ. ಸಾವಿರಾರು ಜೀವಿಗಳ ಜೀನ್ ಒಂದೇ ಉದ್ದದ್ದಾದ್ದರಿಂದ ಜೆಲ್‌ನಲ್ಲಿ ಒಂದೇ ಬ್ಯಾಂಡ್ ಕಾಣುತ್ತದೆ, ಓದಿನಲ್ಲಿ ಎಲ್ಲವೂ ಕಲಸಿಹೋಗುತ್ತದೆ. ಅಂಥ ಡಿಎನ್‌ಎಯನ್ನು ಕ್ಲೋನ್ ಮಾಡಿಯೋ, ಬೆರೆತ ಅಣುಗಳನ್ನೂ ಬೇರೆಬೇರೆಯಾಗಿ ಓದುವ ಹೊಸ ಪೀಳಿಗೆಯ ಯಂತ್ರಗಳಲ್ಲೋ ಓದಿಸಬೇಕು.

ಅಗರ್ ತಟ್ಟೆಯಲ್ಲಿ ಬೆಳೆಸಿದ ಬ್ಯಾಕ್ಟೀರಿಯಾದ ಕಾಲೊನಿಯಿಂದ ತೆಗೆದ ಡಿಎನ್‌ಎಯಲ್ಲೂ ಹೀಗಾದರೆ ಕಾಲೊನಿ ಶುದ್ಧವಿರಲಿಲ್ಲ. ಕಸದ ಮಣ್ಣಿನ ತಟ್ಟೆಯಲ್ಲಿ ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯಾ ತೆಳುಪೊರೆಯಾಗಿ ಇಡೀ ಅಗರ್ ಮೇಲೆ ಹರಡುತ್ತದೆ. ಅದರ ಮೇಲೆ ಕಾಣುವ ದುಂಡನೆಯ ಕಾಲೊನಿಯನ್ನು ಎತ್ತಿದರೆ ಎರಡೂ ಬರುತ್ತವೆ. ಬೇರೆ ಬೇರೆ ತಟ್ಟೆಗಳ ಮೇಲೆ ಮೂರು ಸಲವಾದರೂ ಗೆರೆ ಎಳೆದು ಬೆಳೆಸಿ, ಗ್ರಾಮ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಒಂದೇ ಆಕಾರ ಕಂಡ ಮೇಲೆ ಡಿಎನ್‌ಎಗೆ ಕೈ ಹಾಕಿ.

ಓದು ಚೆನ್ನಾಗಿ ಸಾಗುತ್ತಾ ಒಂದು ಬಿಂದುವಿನಿಂದ ಮುಂದಕ್ಕೆ ಮಾತ್ರ ಜೋಡಿ ಶಿಖರಗಳಾದರೆ ಕತೆ ಬೇರೆ. ಈ ಜೀನ್ ಒಂದೇ ಕೋಶದಲ್ಲಿ ಹಲವು ಪ್ರತಿಗಳಾಗಿ ಇರುತ್ತದೆ, ಈ. ಕೋಲಿಯಲ್ಲಿ 7, ಬ್ಯಾಸಿಲಸ್ ಸಬ್ಟಿಲಿಸ್‌ನಲ್ಲಿ 10. ಒಂದು ಪ್ರತಿಯಲ್ಲಿ ಒಂದು ಬೇಸ್ ಹೆಚ್ಚೋ ಕಡಿಮೆಯೋ ಇದ್ದರೆ ಅಲ್ಲಿಂದಾಚೆ ಓದು ಸರಿದುಹೋಗುತ್ತದೆ. ಕಾಲೊನಿ ಶುದ್ಧವಾಗಿಯೇ ಇದೆ, ಎದುರು ದಿಕ್ಕಿನಿಂದ 1492ಆರ್ ಬಳಸಿ ಓದಿಸಿ ಎರಡನ್ನೂ ಸೇರಿಸಿ. ಸೇರಿಸುವಾಗ ಹಿಮ್ಮುಖ ಓದನ್ನು ತಿರುಗಿಸಿ ಪೂರಕ ರೂಪಕ್ಕೆ ತರುವುದನ್ನು ಮರೆಯಬೇಡಿ.

ತರಕಾರಿ ಕಸದ ಗೊಂದಲ

ಹೊಸ ಪೀಳಿಗೆಯ ಓದಿನಲ್ಲಿ ಸಾಮಾನ್ಯವಾಗಿ ವಿ3–ವಿ4 ಭಾಗವನ್ನು, ಸುಮಾರು 460 ಬೇಸ್ ಉದ್ದವನ್ನು, ಎರಡೂ ತುದಿಗಳಿಂದ 300ರಂತೆ ಓದುತ್ತಾರೆ. ನಡುವೆ ಸುಮಾರು 140 ಬೇಸ್ ಒಂದರ ಮೇಲೊಂದು ಬರುತ್ತದೆ. ಗುಣಮಟ್ಟ ಕಡಿಮೆಯೆಂದು ಎರಡೂ ಓದುಗಳನ್ನು ಬೇಕಾಬಿಟ್ಟಿ ಕತ್ತರಿಸಿದರೆ ಈ ಕೊಂಡಿಯೇ ಹೋಗಿ ಓದುಗಳು ಜೋಡಣೆಯಾಗುವುದಿಲ್ಲ. ‘ಶೇ 90ರಷ್ಟು ಓದು ನಷ್ಟವಾಯಿತು’ ಎಂಬ ದೂರಿಗೆ ಪ್ರಯೋಗಾಲಯವನ್ನು ಶಂಕಿಸುವ ಮೊದಲು ಕತ್ತರಿಸಿದ ಉದ್ದಗಳನ್ನು ಕೂಡಿ ನೋಡಿ. ಮೊತ್ತ 480ಕ್ಕಿಂತ (ಪೂರ್ತಿ ಉದ್ದ 460, ಕೊಂಡಿಗೆ 20) ಕೆಳಗಿದ್ದರೆ ಕಾರಣ ಸಿಕ್ಕಿತು.

ನಮ್ಮ ಊರುಗಳ ಕಸಕ್ಕೇ ಹೆಚ್ಚು ಅಂಟಿಕೊಂಡ ದೋಷ ಇನ್ನೊಂದಿದೆ, ಅದರ ಬಗ್ಗೆ ವಿವರವಾಗಿ ಹೇಳಬೇಕು. ನಮ್ಮ ನಗರಗಳ ಕಸದಲ್ಲಿ ಹಸಿ ಕಸವೇ ದೊಡ್ಡ ಪಾಲು. ಸೊಪ್ಪು, ಬಾಳೆ ಎಲೆ, ಹೂವಿನ ಹಾರ, ಎಳನೀರಿನ ಚಿಪ್ಪು. ಇಂಥ ಮಣ್ಣಿನ ಫಲಿತಾಂಶದಲ್ಲಿ ಸಯನೋಬ್ಯಾಕ್ಟೀರಿಯಾ ಎಂಬ ಹೆಸರು ಮೇಲಿನ ಸಾಲಿನಲ್ಲಿ ನಿಂತಿರುವುದನ್ನು ಕಾಣಬಹುದು. ಬೆಳಕು ತಾಗದ ಎರಡು ಅಡಿ ಆಳದ ಕಪ್ಪು ಮಣ್ಣಿನಲ್ಲಿ ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಜೀವಿ ಅಷ್ಟೊಂದು ಹೇಗೆ ಬಂತು ಎಂದು ಕೇಳಿಕೊಂಡರೆ ಉತ್ತರ ಹೊಳೆಯುತ್ತದೆ. ಸಸ್ಯಗಳ ಕ್ಲೋರೋಪ್ಲಾಸ್ಟ್ ಪುರಾತನ ಸಯನೋಬ್ಯಾಕ್ಟೀರಿಯಾದ ವಂಶದ್ದು, ಅದರಲ್ಲೂ 16ಎಸ್ ಜೀನ್ ಇದೆ, ಪ್ರೈಮರ್ ಅದನ್ನೂ ಹಿಡಿಯುತ್ತದೆ. ಹಾಗೆಯೇ ಮೈಟೋಕಾಂಡ್ರಿಯಾದ ಜೀನ್ ರಿಕೆಟ್ಸಿಯಾಲಿಸ್ ಗಣದ ಹೆಸರಿನಡಿ ಬಂದು ಕೂರುತ್ತದೆ. ರಿಕೆಟ್ಸಿಯಾ ಬಳಗದಲ್ಲಿ ಟೈಫಸ್ ಜ್ವರದ ಬ್ಯಾಕ್ಟೀರಿಯಾ ಇರುವುದರಿಂದ, ಅರ್ಥಮಾಡಿಕೊಳ್ಳದೆ ವರದಿ ಬರೆದರೆ ಬಾಳೆ ಎಲೆಯ ಡಿಎನ್‌ಎ ಊರಿಗೆಲ್ಲ ಜ್ವರದ ಭಯ ಹಬ್ಬಿಸಿಬಿಡುತ್ತದೆ. ಸಿಲ್ವಾ ದತ್ತಸಂಚಯ ಬಳಸಿ, ಅದರಲ್ಲಿ ಕ್ಲೋರೋಪ್ಲಾಸ್ಟ್, ಮೈಟೋಕಾಂಡ್ರಿಯಾ ಎಂದು ಗುರುತಾದ ಓದುಗಳನ್ನು ಎಣಿಕೆಗೆ ಮುನ್ನವೇ ತೆಗೆದುಹಾಕಿ, ಎಷ್ಟು ತೆಗೆದಿರಿ ಎಂಬುದನ್ನು ವರದಿಯಲ್ಲಿ ಬರೆಯಿರಿ. ಅವೇ ಅರ್ಧಕ್ಕಿಂತ ಹೆಚ್ಚಿದ್ದರೆ ಪಿಸಿಆರ್ ಹಂತದಲ್ಲೇ ಅವನ್ನು ತಡೆಯುವ ಪಿಎನ್‌ಎ ತುಣುಕುಗಳನ್ನು ಬಳಸಬಹುದು. ಮಣ್ಣು ಜರಡಿ ಹಿಡಿಯುವಾಗ ಎಲೆಯ ನಾರು, ಸಿಪ್ಪೆಗಳನ್ನು ಚಿಮಟದಿಂದ ಆರಿಸಿ ತೆಗೆದರೆ ಅರ್ಧ ತೊಂದರೆ ಅಲ್ಲೇ ನೀಗುತ್ತದೆ.

ಮೀಥೇನ್ ಹೊಮ್ಮುವ ರಾಶಿಯಲ್ಲಿ ಮೀಥೇನ್ ಮಾಡುವ ಜೀವಿಗಳೇ ಕಾಣದಿದ್ದರೆ ಅದೂ ಪ್ರೈಮರ್‌ನ ವಿಷಯ. ಅವು ಬ್ಯಾಕ್ಟೀರಿಯಾಗಳಲ್ಲ, ಆರ್ಕಿಯಾಗಳು. 27ಎಫ್ ಅವುಗಳಿಗೆ ಅಂಟುವುದಿಲ್ಲ. ಆರ್ಕಿಯಾದ ಪ್ರೈಮರ್ ಅಥವಾ ಮೀಥೇನ್ ತಯಾರಿಕೆಯ ಎಂಸಿಆರ್‌ಎ ಜೀನ್ ಬಳಸಿ.

ದತ್ತಸಂಚಯ ಕೊಟ್ಟ ಹೆಸರು

ಸೀಕ್ವೆನ್ಸನ್ನು ದತ್ತಸಂಚಯದೊಂದಿಗೆ ಹೋಲಿಸುವ ಬ್ಲಾಸ್ಟ್ ಹುಡುಕಾಟದಲ್ಲಿ ಮೇಲಿನ ಸಾಲೆಲ್ಲ ‘ಅನ್‌ಕಲ್ಚರ್ಡ್ ಬ್ಯಾಕ್ಟೀರಿಯಂ’ (ಪ್ರಯೋಗಾಲಯದಲ್ಲಿ ಬೆಳೆಸದ ಬ್ಯಾಕ್ಟೀರಿಯಾ) ಎಂದೇ ಬಂದರೆ ಹುಡುಕುವ ಕಡತ ಬದಲಿಸಿ. ಅಮೆರಿಕದ ಎನ್‌ಸಿಬಿಐ ಸಂಸ್ಥೆಯ ಆಯ್ದ 16ಎಸ್ ಸಂಗ್ರಹದಲ್ಲೋ, ಪ್ರಮಾಣಿತ ತಳಿಗಳ ಸೀಕ್ವೆನ್ಸ್‌ಗಳನ್ನು ಆರಿಸಿಟ್ಟಿರುವ ಈಜ್‌ಬಯೋಕ್ಲೌಡ್‌ನಲ್ಲೋ ಹುಡುಕಿ. ಹೋಲಿಕೆಯ ಶೇಕಡಾವಾರು ನೋಡುವ ಮುನ್ನ ನಿಮ್ಮ ಓದಿನ ಎಷ್ಟು ಭಾಗ ಹೋಲಿಕೆಯಾಗಿದೆ ಎಂಬ ಕಲಂ ನೋಡಿ. 300 ಬೇಸ್‌ನಲ್ಲಿ ಶೇ 99 ಎಂಬುದು 1,400 ಬೇಸ್‌ನಲ್ಲಿ ಶೇ 99 ಎಂಬುದಕ್ಕೆ ಸಮವಲ್ಲ. ಒಂದೇ ಪ್ರಭೇದ ಎನ್ನಲು ಶೇ 97 ಸಾಕು ಎಂಬ 1994ರ ಅಳತೆ ಇನ್ನೂ ಪ್ರಬಂಧಗಳಲ್ಲಿ ಉಳಿದುಕೊಂಡಿದೆ. ಈಗ ಒಪ್ಪಿಗೆಯಾಗಿರುವ ಗಡಿ ಶೇ 98.7ರ ಆಸುಪಾಸು. ಅದರ ಕೆಳಗಿದ್ದರೆ ಬೇರೆಯೇ ಪ್ರಭೇದ ಎನ್ನಬಹುದು. ಮೇಲಿದ್ದರೂ ಅದೇ ಪ್ರಭೇದ ಎಂದು ಖಚಿತವಾಗಿ ಹೇಳಲು ಬರುವುದಿಲ್ಲ.

ಇದು ಪುಸ್ತಕದ ಸೂಕ್ಷ್ಮತೆಗೆ ಸೀಮಿತವಾದ ಮಾತಲ್ಲ. ಬ್ಯಾಸಿಲಸ್ ಸೀರಿಯಸ್, ಹೊಲಗಳಿಗೆ ಜೈವಿಕ ಕೀಟನಾಶಕವಾಗಿ ಸಿಂಪಡಿಸುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್, ನೆರಡಿ (ಆಂಥ್ರಾಕ್ಸ್) ರೋಗದ ಬ್ಯಾಸಿಲಸ್ ಆಂಥ್ರಾಸಿಸ್, ಈ ಮೂರರ 16ಎಸ್ ಜೀನ್ ಹೆಚ್ಚುಕಡಿಮೆ ಒಂದೇ. ಬ್ಲಾಸ್ಟ್ ಮೊದಲ ಸಾಲಿನಲ್ಲಿ ಆಂಥ್ರಾಸಿಸ್ ತೋರಿಸಿತೆಂದು ಹಾಗೆಯೇ ಬರೆದರೆ ಮರುದಿನ ಅದು ಸುದ್ದಿಯಾಗುತ್ತದೆ, ರಾಶಿಯಲ್ಲಿ ಚಿಂದಿ ಆಯುವವರ ಮತ್ತು ದನ ಮೇಯಿಸುವವರ ಬದುಕಿಗೆ ಅದು ತಟ್ಟುತ್ತದೆ. ‘ಬ್ಯಾಸಿಲಸ್ ಸೀರಿಯಸ್ ಗುಂಪು’ ಎಂದು ಬರೆಯುವುದೇ ಸರಿ. ನಿಜವಾಗಿ ಅನುಮಾನವಿದ್ದರೆ ಆಂಥ್ರಾಸಿಸ್‌ನ ರೋಗಕಾರಕ ಗುಣ ಹೊತ್ತ ಪಿಎಕ್ಸ್‌ಒ1, ಪಿಎಕ್ಸ್‌ಒ2 ಪ್ಲಾಸ್ಮಿಡ್‌ಗಳ ಜೀನ್‌ಗಳನ್ನು ಸೂಕ್ತ ಸುರಕ್ಷತೆಯ ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು, ಕಾಲೇಜಿನ ಮೇಜಿನ ಮೇಲಲ್ಲ. ಎಶರೀಶಿಯಾ ಮತ್ತು ಶಿಗೆಲ್ಲಾಗಳನ್ನೂ ಈ ಜೀನ್ ಬೇರ್ಪಡಿಸಲಾರದು. ಪ್ರಭೇದದ ಮಟ್ಟ ಬೇಕೇ ಬೇಕೆಂದರೆ ಪ್ರಭೇದಗಳ ನಡುವೆ ಹೆಚ್ಚು ಬದಲಾಗುವ ಗೈರ್‌ಬಿ ಅಥವಾ ಆರ್‌ಪಿಒಬಿ ಜೀನನ್ನೂ ಓದಿಸಿ. ಅದು ಸಾಧ್ಯವಿಲ್ಲದಿದ್ದರೆ ಕುಲದ ಹೆಸರಿಗೆ ನಿಲ್ಲಿಸಿ, ಅದರಿಂದ ಕೆಲಸದ ತೂಕ ಕಡಿಮೆಯಾಗುವುದಿಲ್ಲ.

ಹಳೆಯ ಪ್ರಬಂಧದ ಹೆಸರಿಗೂ ನಿಮ್ಮ ಫಲಿತಾಂಶಕ್ಕೂ ತಾಳೆಯಾಗದಿದ್ದರೆ ಹೆಸರೇ ಬದಲಾಗಿರಬಹುದು. ಬ್ಯಾಸಿಲಸ್ ಮೆಗಾಟೇರಿಯಂ 2020ರಲ್ಲಿ ಪ್ರೀಸ್ಟಿಯಾ ಮೆಗಾಟೇರಿಯಂ ಆಯಿತು. ನಮ್ಮ ಆರ್ಯಭಟನ ಹೆಸರು ಹೊತ್ತ ಬ್ಯಾಸಿಲಸ್ ಆರ್ಯಭಟ್ಟಾಯ್ ಕೂಡ ಪ್ರೀಸ್ಟಿಯಾ ಕುಲಕ್ಕೆ ಸೇರಿತು. ಫರ್ಮಿಕ್ಯೂಟ್ಸ್ ಎಂಬ ವಿಭಾಗ ಈಗ ಬ್ಯಾಸಿಲೋಟಾ, ಪ್ರೋಟಿಯೋಬ್ಯಾಕ್ಟೀರಿಯಾ ಈಗ ಸ್ಯೂಡೋಮೊನಡೋಟಾ.

ಹೆಸರಿನಿಂದ ಗುಣವನ್ನು ಊಹಿಸುವುದೂ ದೋಷವೇ. 2016ರಲ್ಲಿ ಜಪಾನಿನ ಸಕಾಯಿ ನಗರದ ಪ್ಲಾಸ್ಟಿಕ್ ಬಾಟಲಿ ಮರುಬಳಕೆ ಜಾಗದಿಂದ ಐಡಿಯೋನೆಲ್ಲಾ ಸಕಾಯೆನ್ಸಿಸ್ ವರದಿಯಾದ ಮೇಲೆ ಪ್ರತಿ ಕಸದ ರಾಶಿಯಲ್ಲೂ ಪ್ಲಾಸ್ಟಿಕ್ ತಿನ್ನುವ ಬ್ಯಾಕ್ಟೀರಿಯಾ ಹುಡುಕುವ ಉತ್ಸಾಹ ಹೆಚ್ಚಿದೆ. ಆ ಉತ್ಸಾಹ ಒಳ್ಳೆಯದು. ಆದರೆ ಆ ಜೀವಿ ಪೆಟ್ ಪ್ಲಾಸ್ಟಿಕನ್ನು ಒಡೆಯುವುದನ್ನು ಕಿಣ್ವ ಸಮೇತ ತೋರಿಸಿದ್ದರು, 16ಎಸ್ ಜೀನ್ ನೋಡಿ ಹೇಳಿದ್ದಲ್ಲ. ಮಣ್ಣಿನ ಡಿಎನ್‌ಎಯಲ್ಲಿ ಗಣನೀಯ ಪಾಲು ಎಂದೋ ಸತ್ತ ಕೋಶಗಳದ್ದು ಎಂಬುದನ್ನೂ ನೆನಪಿಡಿ. ಬದುಕಿರುವವುಗಳನ್ನು ಮಾತ್ರ ನೋಡಬೇಕಿದ್ದರೆ ಡಿಎನ್‌ಎ ತೆಗೆಯುವ ಮುನ್ನ ಸತ್ತ ಕೋಶಗಳ ಡಿಎನ್‌ಎಗೆ ಅಂಟಿ ಅದರ ನಕಲನ್ನು ತಡೆಯುವ ಪಿಎಂಎ ಬಣ್ಣ ಬೆರೆಸಿ ಬೆಳಕು ಕೊಡುವ ವಿಧಾನವಿದೆ. ಕದಡಿದ ಕಪ್ಪು ಮಣ್ಣಿನಲ್ಲಿ ಬೆಳಕು ಒಳಗಿಳಿಯದ ಕಾರಣ ಮಣ್ಣನ್ನು ಚೆನ್ನಾಗಿ ತೆಳುಗೊಳಿಸಿದ ಮೇಲೆಯೇ ಅದನ್ನು ಮಾಡಬೇಕು.

ಗುರುತಿಸಿದ ಪ್ರತಿ ತಳಿಯನ್ನೂ ಶೇ 20ರ ಗ್ಲಿಸರಾಲ್‌ನಲ್ಲಿ ಬೆರೆಸಿ ಮೈನಸ್ 80 ಡಿಗ್ರಿಯಲ್ಲಿ ಎರಡು ಕೊಳವೆ ಇಡಿ. ಕೊಳವೆಯ ಮೇಲೆ ತಳಿಯ ಸಂಖ್ಯೆ, ಮಣ್ಣು ತೆಗೆದ ಜಾಗ, ಆಳ ಮತ್ತು ದಿನಾಂಕ ಬರೆಯಿರಿ. ಜೀನ್‌ಬ್ಯಾಂಕ್ ಎಂಬ ಸಾರ್ವಜನಿಕ ದತ್ತಸಂಚಯಕ್ಕೆ ಸೀಕ್ವೆನ್ಸ್ ಸಲ್ಲಿಸುವಾಗ ಅದೇ ಸಂಖ್ಯೆಯನ್ನು ಕೊಟ್ಟರೆ, ಯಾರಾದರೂ ಹೆಸರಿನ ಬಗ್ಗೆ ಆಕ್ಷೇಪ ಎತ್ತಿದಾಗ ಕೊಳವೆ ತೆರೆದು ಮತ್ತೆ ಬೆಳೆಸಿ ಪರೀಕ್ಷಿಸಲು ಸಾಧ್ಯವಾಗುತ್ತದೆ. ಉಳಿದ ತಟ್ಟೆಗಳನ್ನೂ ಮಣ್ಣನ್ನೂ 121 ಡಿಗ್ರಿಯಲ್ಲಿ ಆಟೊಕ್ಲೇವ್ ಮಾಡಿದ ನಂತರವೇ ಹೊರಹಾಕಿ.